ವಾಲಿಬಾಲ್‌ನಲ್ಲಿ ಕ್ವಿಕ್ ಹೊಡೆಯುವವರು ತಡವಾಗುವುದು ಯಾಕೆ?

ನಿಮ್ಮ ಹೈಸ್ಕೂಲ್ ತಂಡದ ಮಿಡಲ್ ಆಟಗಾರರು (ನೆಟ್ ಮಧ್ಯದಲ್ಲಿ ಆಡುವವರು) ಕ್ವಿಕ್‌ಗೆ, ಅಂದರೆ ಗಿಡ್ಡವಾಗಿ ಎತ್ತಿಕೊಟ್ಟ ಚೆಂಡನ್ನು ತಕ್ಷಣ ಹೊಡೆಯುವ ದಾಳಿಗೆ, ಪ್ರತಿ ಸಲ ತಡವಾಗುತ್ತಾರೆ ಅಂದಿರಲ್ಲ, ಬಹುಶಃ ಅವರು ಸೆಟ್ (ಹೊಡೆಯಲು ಚೆಂಡು ಎತ್ತಿಕೊಡುವುದು) ನೋಡಿದ ಮೇಲೆ ಓಡುತ್ತಿದ್ದಾರೆ. ಫಸ್ಟ್ ಟೆಂಪೋದಲ್ಲಿ, ಅಂದರೆ ಇಂಥ ಅತಿ ವೇಗದ ದಾಳಿಯಲ್ಲಿ, ಓಟ ಶುರುವಾಗಬೇಕಾದ್ದು ಪಾಸ್ (ಸೆಟ್ಟರ್‌ಗೆ ಕಳಿಸುವ ಮೊದಲ ಚೆಂಡು) ನೋಡಿ. ಸೆಟ್ಟರ್, ಅಂದರೆ ಚೆಂಡು ಎತ್ತಿಕೊಡುವ ಆಟಗಾರರ, ಕೈಗೆ ಚೆಂಡು ತಾಗುವ ಹೊತ್ತಿಗೆ ಹೊಡೆಯುವವರು ನೆಲ ಬಿಡುತ್ತಿರಬೇಕು.

ಸದ್ಯಕ್ಕೆ ಪಾಸ್ ಬೇಡ. ನೀವೇ ಸೆಟ್ಟರ್‌ಗೆ ಚೆಂಡು ಎಸೆಯಿರಿ. ಹೊಡೆಯುವವರು ಹಾರಿ, ಕೈ ಎತ್ತಿ, ಚೆಂಡನ್ನು ಸುಮ್ನೆ ಹಿಡಿಯಲಿ. ಅದು ಕುದುರಿದ ಮೇಲೆ ಹೊಡೆತ. ಆ ಕೈಗೆ ಚೆಂಡು ತಲುಪಿಸುವುದು ಸೆಟ್ಟರ್ ಕೆಲಸ, ಹೊಡೆಯುವವರು ಗಾಳಿಯಲ್ಲಿ ಹುಡುಕಬಾರದು. ತೋಳು ಪೂರ್ತಿ ಬೀಸಲು ಸಮಯ ಇರಲ್ಲ, ಚಿಕ್ಕ ಚುರುಕು ಹೊಡೆತ ಸಾಕು.

ಪಾಸ್ ಕೆಟ್ಟರೆ ಸೆಟ್ಟರ್ ಬೇರೆ ಕಡೆ ಕೊಡಲಿ. ಮಿಡಲ್ ಮಾತ್ರ ಸಾಧ್ಯವಾದಾಗೆಲ್ಲ ಹಾರಲೇಬೇಕು. ಎದುರಿನ ಬ್ಲಾಕರ್ (ನೆಟ್ ಬಳಿ ಹೊಡೆತ ತಡೆಯುವವರು) ಒಂದು ಕ್ಷಣ ಅಲ್ಲೇ ಸಿಕ್ಕಿಕೊಂಡರೂ ಲಾಭವೇ, ಅಲ್ವಾ?