ಹಿಂದುಮುಂದಾಗಿ ಓದಿದರೂ ಅದು ಪ್ರಾರ್ಥನೆಯೇನಾ?

ನೀವು ಕೇಳಿದ್ದು ಇಷ್ಟು: ಉಕ್ರೇನಿನ ಬರೋಕ್ ಕಾಲದ (ಹದಿನೇಳು, ಹದಿನೆಂಟನೇ ಶತಮಾನದ) ಭಕ್ತಿ ಕವಿತೆಗಳಲ್ಲಿ ಅಕ್ಷರದ ಆಟ, ಒಗಟು, ಸಂಕೇತಗಳೇ ತುಂಬಿವೆ, ಅದರಲ್ಲಿ ನಿಜವಾದ ಪ್ರಾರ್ಥನೆ ಇದೆಯಾ, ಇಲ್ಲಾ ಬರೀ ಜಾಣತನವಾ?

ನಾನು ಸಾಹಿತ್ಯ ಓದಿದವನಲ್ಲ. ಉಕ್ರೇನಿನ ಪೋಲ್ತಾವಾದಲ್ಲಿ ಡಾಕ್ಟರಿಕೆ ಓದಿದವನು. ಭಾಷೆ ಕಲಿಸುತ್ತಿದ್ದ ಮೇಡಂ ಒಂದು ದಿನ ಕ್ರಿಯಾಪದಗಳನ್ನು ಪಕ್ಕಕ್ಕಿಟ್ಟು ಬೋರ್ಡಿನ ಮೇಲೆ ಎರಡು ಸಾಲು ಬರೆದರು. ಬರೆದವರು ಇದೇ ಊರಿನ ಪಾದ್ರಿ ಅಂದರು. ಹೆಸರು ಇವಾನ್ ವೆಲಿಚ್ಕೋವ್‌ಸ್ಕಿ, ತೀರಿಕೊಂಡಿದ್ದು 1701ರಲ್ಲಿ. ನನಗೆ ಹುಚ್ಚು ಹಿಡಿದಿದ್ದು ಅವತ್ತಿನಿಂದ.

ಆ ಸಾಲು ಹೀಗಿದೆ: 'ಸೋ ಮ್ನೋಯು ಝಿಜ್ನ್, ನೆ ಸ್ತ್ರಾಖ್ ಸ್ಮೆರ್ತಿ. ಮ್ನೋಯು ಝಿತಿ, ನೆ ಉಮೆರ್ತಿ.' ಮಾತೆ ಮರಿಯ ಆಡುವ ಮಾತು ಇದು. ನನ್ನ ಜೊತೆ ಇರುವುದು ಬದುಕು, ಸಾವಿನ ಭಯವಲ್ಲ. ನನ್ನಿಂದ ಬದುಕುವುದುಂಟು, ಸಾಯುವುದಿಲ್ಲ ಅಂತ. ಈಗ ಕೊನೆಯ ಪದದಿಂದ ಶುರುಮಾಡಿ, ಒಂದೊಂದೇ ಪದ ಹಿಂದಕ್ಕೆ ಬನ್ನಿ. 'ಉಮೆರ್ತಿ, ನೆ ಝಿತಿ ಮ್ನೋಯು. ಸ್ಮೆರ್ತಿ ಸ್ತ್ರಾಖ್, ನೆ ಝಿಜ್ನ್ ಸೋ ಮ್ನೋಯು.' ನನ್ನಿಂದ ಸಾಯುವುದುಂಟು, ಬದುಕುವುದಿಲ್ಲ. ನನ್ನ ಜೊತೆ ಇರುವುದು ಸಾವಿನ ಭಯ, ಬದುಕಲ್ಲ. ಈಗ ಮಾತಾಡುತ್ತಿರುವವಳು ಹವ್ವ, ಬೈಬಲ್ಲಿನ ಮೊದಲ ಹೆಂಗಸು!

ಇದು ಸಾಧ್ಯವಾಗಿದ್ದು 'ನೆ' ಅನ್ನೋ ಪುಟ್ಟ ಪದದಿಂದ. ಅಲ್ಲ ಅಂತ ಅದರ ಅರ್ಥ. ಅದು ಎರಡು ಪದಗಳ ನಡುವೆ ನಿಂತಿರುತ್ತದೆ, ಯಾವ ಕಡೆಯಿಂದ ಬಂದರೂ ತನ್ನ ಮುಂದೆ ಸಿಕ್ಕಿದ್ದನ್ನು ಅಲ್ಲಗಳೆಯುತ್ತದೆ. ಕನ್ನಡದಲ್ಲಿ 'ಅಲ್ಲ' ಹಿಂದೆ ಅಂಟಿಕೊಳ್ಳುವುದರಿಂದ ಈ ಆಟ ಕೂಡಿಬರುವುದಿಲ್ಲ. ನಾನು ಪ್ರಯತ್ನಪಟ್ಟು ಸೋತಿದ್ದೇನೆ.

ಇಂಥ ಪದ್ಯಕ್ಕೆ ಅವರು 'ರಾಕ್' ಅನ್ನುತ್ತಿದ್ದರು. ಏಡಿಯ ಜಾತಿಯದೇ ಒಂದು ಜೀವಿ, ಹಿಂದಕ್ಕೆ ನಡೆಯುತ್ತದಲ್ಲ, ಅದು. (ಕ್ಯಾನ್ಸರಿಗೂ ಅಲ್ಲಿ ಅದೇ ಪದ. ಆಸ್ಪತ್ರೆಯಲ್ಲಿ ದಿನಾ ಕೇಳುತ್ತಿದ್ದ ಪದ ಪದ್ಯದ ಹೆಸರಾಗಿ ಬಂದಾಗ ನನಗೆ ಒಂಥರಾ ಆಯಿತು.) ಇನ್ನೊಂದು ರಾಕ್ ಅಕ್ಷರದ್ದು. ನಮ್ಮ 'ಕುಬೇರನಿಗೇನಿರಬೇಕು' ಇದೆಯಲ್ಲ, ಅದೇ ಥರ. 'ಅನ್ನಾ ಪಿತಾ ಮ್ಯಾ, ಯಾ ಮಾತಿ ಪನ್ನಾ': ಅನ್ನಾ ನನಗೆ ಉಣಿಸುತ್ತಾಳೆ, ನಾನು ತಾಯಿಯೂ ಹೌದು ಕನ್ಯೆಯೂ ಹೌದು. ಅನ್ನಾ ಅಂದರೆ ಮರಿಯಳ ತಾಯಿ. ಅವರ ಲಿಪಿಯಲ್ಲಿ 'ಯಾ' ಒಂದೇ ಅಕ್ಷರ, ಹಾಗಾಗಿ ಎರಡೂ ಕಡೆಯಿಂದ ಒಂದೇ ಓದು. ಅನ್ನಾ ಉಣಿಸುತ್ತಾಳೆ ಅಂತ ಕೇಳಿ ಕನ್ನಡದ ಕಿವಿಗೆ ನಗು ಬರುತ್ತದೆ, ಆದರೆ ಅದು ಸುಮ್ನೆ ಕಾಕತಾಳೀಯ.

ಇದು ಜಾಣತನವೇ, ಅನುಮಾನವಿಲ್ಲ. ಆದರೆ ಹವ್ವ–ಮರಿಯ ಸಾಲಿನಲ್ಲಿ ಇನ್ನೂ ಒಂದು ಸಂಗತಿ ನಡೆಯುತ್ತದೆ. ದೇವದೂತ ಮರಿಯಳಿಗೆ ಹೇಳಿದ ನಮಸ್ಕಾರ ಲ್ಯಾಟಿನ್ನಿನಲ್ಲಿ 'ಆವೆ'. ಅದನ್ನು ತಿರುಗಿಸಿದರೆ 'ಏವಾ', ಅಂದರೆ ಹವ್ವ. ಹವ್ವಳಿಂದ ಬಂದ ಸಾವನ್ನು ಮರಿಯ ತಿರುಗಿಸಿದಳು ಅನ್ನುವುದು ಚರ್ಚಿನ ಹಳೇ ನಂಬಿಕೆ. ಕೀವ್‌ನ ಮೊಹಿಲಾ ವಿದ್ಯಾಪೀಠ ಶುರುವಾಗಿದ್ದು 1632ರಲ್ಲಿ. ಕವಿತೆ ಕಟ್ಟುವುದನ್ನು ಅಲ್ಲಿ ಲ್ಯಾಟಿನ್ನಿನಲ್ಲೇ ಕಲಿಸುತ್ತಿದ್ದರು. ಹಾಗಾಗಿ ಆ ಕಾಲದ ಓದಿದವರಿಗೆ ಇದು ಗೊತ್ತಿದ್ದ ಮಾತು. ವೆಲಿಚ್ಕೋವ್‌ಸ್ಕಿ ಆ ನಂಬಿಕೆಯನ್ನು ವಿವರಿಸಲು ಹೋಗಲಿಲ್ಲ. ತಿರುಗಿಸುವ ಕೆಲಸವನ್ನು ಓದುಗನ ಕಣ್ಣಿಗೇ ಕೊಟ್ಟರು. ನೀವು ಹಿಂದಕ್ಕೆ ಓದುತ್ತಾ ಹವ್ವಳ ಹತ್ತಿರ ಹೋಗುತ್ತೀರಿ, ಮತ್ತೆ ಮುಂದಕ್ಕೆ ಓದುತ್ತಾ ಮರಿಯಳ ಹತ್ತಿರ ಬರುತ್ತೀರಿ. ಜಪಮಣಿ ತಿರುಗಿಸುವುದಕ್ಕೂ ಇದಕ್ಕೂ ನನಗೆ ಜಾಸ್ತಿ ದೂರ ಕಾಣುವುದಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ.

ಈ ಪದ್ಯಗಳಿರುವ ಹಸ್ತಪ್ರತಿಯ ಹೆಸರು 'ಕುರುಬನಿಗೆ ಸಲ್ಲಬೇಕಾದ ಕುರಿಯ ಹಾಲು' ಅನ್ನುವ ಅರ್ಥದ್ದು, 1691ರದ್ದು. ಕುರುಬ ಅಂದರೆ ಕೀವ್‌ನ ಮಹಾಗುರು ವರ್ಲಾಮ್ ಯಾಸಿನ್‌ಸ್ಕಿ. ಕುರಿ ಅಂದರೆ ಕವಿಯೇ. ಬೇರೆ ಜನರ ಭಾಷೆಗಳಲ್ಲಿ ಇಂಥ ಪದ್ಯ ಎಷ್ಟೊಂದಿವೆ, ನಮ್ಮ ನಾಡಿನಲ್ಲಿ ಇಲ್ಲವಲ್ಲ, ಅದಕ್ಕೇ ಕೈಹಾಕಿದೆ ಅಂತ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಅದಕ್ಕೂ ಹಿಂದಿನ ವರ್ಷದ್ದು ಗಡಿಯಾರದ ಹೆಸರಿನ ಇನ್ನೊಂದು ಪುಸ್ತಕ, ಗಂಟೆಗಳ ಲೆಕ್ಕದಲ್ಲಿ ಕಟ್ಟಿದ್ದು. ಹೊತ್ತುಹೊತ್ತಿಗೆ ಪ್ರಾರ್ಥನೆ ಮಾಡುವವರ ಮಧ್ಯೆ ಬದುಕಿದ ಪಾದ್ರಿಗೆ ಗಡಿಯಾರ ಹೊಳೆದದ್ದು ಸಹಜವೇ.

ಸಂಕೇತಗಳು ಬಹುಪಾಲು ಬೈಬಲ್ಲಿನಿಂದಲೇ ಬರುತ್ತವೆ. ಬೈಬಲ್ಲಿನ ಗಿದ್ಯೋನನ ಕಥೆಯಲ್ಲಿ ಸುತ್ತಲ ನೆಲ ಒಣಗಿರುತ್ತದೆ, ಕಣದಲ್ಲಿ ಹಾಸಿದ ಕುರಿಯ ಉಣ್ಣೆ ಮಾತ್ರ ಇಬ್ಬನಿಯಲ್ಲಿ ತೊಯ್ದಿರುತ್ತದೆ. ಆ ಉಣ್ಣೆಯೇ ಮರಿಯ ಅಂತ ಓದುವುದು ವಾಡಿಕೆ. ಆ ಕಾಲದ ಸನ್ಯಾಸಿ ದ್ಮಿತ್ರೊ ತುಪ್ತಾಲೊ 1683ರಲ್ಲಿ ಚೆರ್ನಿಹಿವ್‌ನ ಮಾತೆಯ ಪಟವೊಂದರ ಪವಾಡಗಳನ್ನು ಬರೆದಾಗ ಪುಸ್ತಕಕ್ಕೆ ಇಟ್ಟ ಹೆಸರೇ 'ಇಬ್ಬನಿ ತೊಯ್ದ ಉಣ್ಣೆ'.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲಾರೆ. ಚೆರ್ನಿಹಿವ್‌ನ ಬಿಷಪ್ ಇವಾನ್ ಮಕ್ಸಿಮೋವಿಚ್ ಮರಿಯಳ ಮೇಲೆ 1707ರಲ್ಲಿ ಅಚ್ಚು ಹಾಕಿಸಿದ ಕಾವ್ಯ ಇಪ್ಪತ್ತು ಸಾವಿರ ಸಾಲು ದಾಟುತ್ತದೆ. ನನಗೆ ಆಗಲಿಲ್ಲ. ನೀವು ಹೇಳುವ 'ಬರೀ ಪಾಂಡಿತ್ಯ' ಅನ್ನೋದು ಅಂಥ ಕಡೆ ಸಿಗುತ್ತದೆ.

ಸ್ಕೊವೊರೊದಾ ಹೆಸರು ಹೇಳದೆ ಮುಗಿಸಿದರೆ ಅಲ್ಲಿಯವರು ಬೈತಾರೆ. ಅವರ ಮುಖ ಐನೂರು ಹ್ರಿವ್ನಿಯಾ ನೋಟಿನ ಮೇಲಿದೆ. ಊರೂರು ಅಲೆದ ತತ್ವಜ್ಞಾನಿ, 'ದೈವಗೀತೆಗಳ ತೋಟ' ಅನ್ನುವ ಅರ್ಥದ ಹೆಸರಿನಲ್ಲಿ 30 ಹಾಡು ಕಟ್ಟಿದವರು. ಒಂದೊಂದು ಹಾಡಿನ ತಲೆಯ ಮೇಲೂ ಅದು ಮೊಳೆತ ಬೈಬಲ್ ವಾಕ್ಯವನ್ನು ಬೀಜದ ಹಾಗೆ ಇಟ್ಟಿದ್ದಾರೆ. ಅವರ ಇನ್ನೊಂದು ಸಂಕೇತ ನನಗೆ ಬಹಳ ಇಷ್ಟ. ದೇವರು ಒಂದು ಕಾರಂಜಿ, ಸುತ್ತ ಸಣ್ಣ ದೊಡ್ಡ ಪಾತ್ರೆಗಳು. ಸಣ್ಣದರಲ್ಲಿ ನೀರು ಕಡಿಮೆ, ಆದರೆ ತುಂಬಿರುವುದರಲ್ಲಿ ಅದು ದೊಡ್ಡದಕ್ಕೆ ಸಮ.

ಕೊನೆಗೆ ಒಂದು ವಿಚಿತ್ರ. ವೆಲಿಚ್ಕೋವ್‌ಸ್ಕಿಯ ಮರಿಮೊಮ್ಮಗ ಪೈಸಿ ಹುಟ್ಟಿದ್ದೂ ಪೋಲ್ತಾವಾದಲ್ಲೇ, 1722ರಲ್ಲಿ; ತೀರಿಕೊಂಡಿದ್ದು 1794ರಲ್ಲಿ. ಸ್ಕೊವೊರೊದಾನದೂ ಅವೇ ಎರಡು ವರ್ಷ. ಇಬ್ಬರೂ ಕೀವ್‌ನ ಅದೇ ವಿದ್ಯಾಪೀಠಕ್ಕೆ ಹೋದವರು. ಪೈಸಿ ಅಲ್ಲಿ ಗ್ರೀಕ್ ದೇವದೇವತೆಗಳ ಕಥೆ ಕೇಳಿ ಬೇಸತ್ತು ಓದು ಬಿಟ್ಟು ಸನ್ಯಾಸಿಯಾದ. ಗ್ರೀಸಿನಲ್ಲಿ ಸನ್ಯಾಸಿಗಳೇ ಇರುವ ಆಥೋಸ್ ಬೆಟ್ಟಕ್ಕೆ ಹೋದ, ಅಲ್ಲಿಂದ ಮೊಲ್ದಾವಿಯಾಕ್ಕೆ. ಅವನು ಜೀವನಪೂರ್ತಿ ಹಿಡಿದಿದ್ದು ಒಂದೇ ಒಂದು ಪುಟ್ಟ ಪ್ರಾರ್ಥನೆ: ಪ್ರಭು ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು. ಇದನ್ನೇ ಉಸಿರಿನ ಹಾಗೆ ಮತ್ತೆ ಮತ್ತೆ ಹೇಳುವುದು. ಮುತ್ತಜ್ಜನ ರಾಕ್ ಪದ್ಯಗಳನ್ನು ಅವನು ಮೆಚ್ಚುತ್ತಿದ್ದನೋ ಇಲ್ಲವೋ, ನಾನಂತೂ ಇಬ್ಬರನ್ನೂ ಒಟ್ಟಿಗೇ ಓದುತ್ತೇನೆ.

ಸಿರಿಲಿಕ್ ಲಿಪಿ ಕಲಿಯಲು ಒಂದು ವಾರ ಸಾಕು. ವೆಲಿಚ್ಕೋವ್‌ಸ್ಕಿಯ ಬರಹಗಳು 1972ರಲ್ಲಿ ಕೀವ್‌ನಲ್ಲಿ ಅಚ್ಚಾಗಿವೆ. ಸಿಕ್ಕರೆ ರಾಕ್ ಪದ್ಯಗಳ ಪುಟ ತೆಗೆದು, ಬೆರಳಿಟ್ಟುಕೊಂಡು, ಮೊದಲು ಬಲದಿಂದ ಎಡಕ್ಕೆ ಓದಿ.