ಹತ್ತು ದಿನ ಬಿಟ್ಟು ಬಂದರೆ ನಿಮ್ಮ ಆಟ ಏನನ್ನುತ್ತದೆ?

ಪತ್ರ: ಸರ್, ನನಗೆ 34 ವರ್ಷ. ಬಾಗಲಕೋಟೆ ನವನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇದೆ. ರಾತ್ರಿ ಶಟರ್ ಎಳೆದು, ಊಟ ಮುಗಿಸಿ, ಮಕ್ಕಳು ಮಲಗಿದ ಮೇಲೆ ಒಂದು ತಾಸು ಸಿಗುತ್ತದೆ. ಕಾಲೇಜಿನ ಗೆಳೆಯರ ಜೊತೆ ಒಂದು ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್ (ಒಂದು ಪಾತ್ರವನ್ನು ಬೆಳೆಸುತ್ತಾ ಹೋಗುವ ಆಟ) ಆಡುತ್ತೇನೆ. ಅವರೆಲ್ಲ 80ನೇ ಲೆವೆಲ್ ಮುಟ್ಟಿದ್ದಾರೆ, ನಾನಿನ್ನೂ 43. ಸಿಗೋ ಒಂದು ತಾಸಿನಲ್ಲಿ ಮುಕ್ಕಾಲು ಭಾಗ ಡೈಲಿ ಕ್ವೆಸ್ಟ್‌ಗಳಿಗೇ, ಅಂದರೆ ಆಟ ದಿನಾ ಕೊಡುವ ಸಣ್ಣ ಕೆಲಸಗಳಿಗೇ ಹೋಗುತ್ತದೆ. ಹೋದ ಶನಿವಾರ ರೇಡ್ ಅನ್ನೋ ಗುಂಪಿನ ಕಾಳಗದ ನಡುವೆ ಮಗಳಿಗೆ ಜ್ವರ ಅಂತ ಎದ್ದುಹೋದೆ, ಗಿಲ್ಡ್‌ನವರು (ಆಟದೊಳಗಿನ ನಮ್ಮ ತಂಡದವರು) ಬೈದರು. ಮನೆಯಾಕೆ ಬೇರೆ ದಿನಾ "ಮುಗೀತೇನ್ರಿ ನಿಮ್ಮ ಯುದ್ಧ?" ಅಂತ ಕೇಳ್ತಾಳೆ. ಬಿಟ್ಟುಬಿಡಲಾ? (ಹೆಸರು ಹಾಕಬೇಡಿ. ಕಳೆದ ಸಂಚಿಕೆಯ ಪದಬಂಧದಲ್ಲಿ ಅಡ್ಡ 14 ತಪ್ಪಿದೆ.)

ಉತ್ತರ: ಬಿಡಬೇಡಿ. ಕನಿಷ್ಠ ಈ ಉತ್ತರ ಓದುವ ತನಕ ಬಿಡಬೇಡಿ.

ನೀವು ಯಾವ ಆಟ ಅಂತ ಬರೆದಿಲ್ಲ. ಹಾಗಾಗಿ ಬೇರೆ ಆಟಗಳ ಕಥೆ ಹೇಳಿ ನಿಮ್ಮದಕ್ಕೆ ಬರುತ್ತೇನೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದಿದ್ದು 2004ರಲ್ಲಿ. ಬಿಡುಗಡೆಗೆ ಮೊದಲು, ಇನ್ನೂ ಪರೀಕ್ಷೆ ನಡೆಯುತ್ತಿದ್ದಾಗ, ಅದರಲ್ಲೊಂದು ನಿಯಮ ಇತ್ತು: ತುಂಬಾ ಹೊತ್ತು ಆಡಿದರೆ, ಲೆವೆಲ್ ಏರಿಸುವ ಅನುಭವದ ಅಂಕ ಅರ್ಧಕ್ಕೆ ಇಳಿಯುತ್ತಿತ್ತು. ಜನ ಸ್ವಲ್ಪ ವಿಶ್ರಾಂತಿ ತಗೊಳ್ಳಲಿ ಅನ್ನೋದು ಉದ್ದೇಶ. ಆಟಗಾರರು ಸಿಟ್ಟಾದರು, ನಮಗೆ ದಂಡ ಹಾಕ್ತಿದ್ದೀರಿ ಅಂದರು. ಆಗ ಮಾಡಿದ್ದೇನು ಗೊತ್ತಾ? ಆ ಅರ್ಧವನ್ನೇ ಮಾಮೂಲಿ ಅಂತ ಕರೆದರು, ಮೊದಲಿನ ಪೂರ್ತಿಯನ್ನು ವಿಶ್ರಾಂತಿ ಪಡೆದವರಿಗೆ ಸಿಗುವ ಡಬಲ್ ಬೋನಸ್ ಅಂದರು. ಲೆಕ್ಕ ಅದೇ, ಹೆಸರು ಬೇರೆ. ಜನ ಖುಷಿಯಾದರು.

ಆ ಬೋನಸ್ ಕೂಡುವ ರೀತಿ ಇನ್ನೂ ಚೆಂದ. ಪಾತ್ರವನ್ನು ಆಟದೊಳಗಿನ ಛತ್ರದಲ್ಲಿ ಬಿಟ್ಟು ಲಾಗೌಟ್ ಆದರೆ ಪ್ರತಿ 8 ತಾಸಿಗೆ ಒಂದು ಲೆವೆಲ್‌ನ ಶೇ 5ರಷ್ಟು ಜಮಾ ಆಗುತ್ತದೆ, ಗರಿಷ್ಠ ಒಂದೂವರೆ ಲೆವೆಲ್‌ವರೆಗೆ. ಕೂಡಿಸಿ ನೋಡಿ, ತುಂಬೋಕೆ ಸರಿಯಾಗಿ ಹತ್ತು ದಿನ. ಅಂದರೆ ದೀಪಾವಳಿ ಸೀಸನ್ನಿನಲ್ಲಿ ಅಂಗಡಿ ಬಿಟ್ಟು ಏಳೋಕಾಗದೆ ನೀವು ಹತ್ತು ದಿನ ಆ ಕಡೆ ತಲೆ ಹಾಕದಿದ್ದರೂ ಆಟ ನಿಮಗಾಗಿ ಗಂಟು ಕಟ್ಟಿಟ್ಟಿರುತ್ತದೆ.

ಈಗ ನಿಮ್ಮ ಡೈಲಿ ಕ್ವೆಸ್ಟ್‌ಗೆ ಬನ್ನಿ. ಅದನ್ನೂ ಹೀಗೇ ಉಲ್ಟಾ ಮಾಡಿ ನೋಡಿ. ದಿನಾ ಬಂದವರಿಗೆ ಬಹುಮಾನ ಅಂತ ಬರೆದಿರುತ್ತಾರೆ, ಅಲ್ವಾ? ಬಾರದವರಿಗೆ ದಂಡ ಅಂತ ಓದಿಕೊಳ್ಳಿ. ಹಾಗೆ ಓದಿದಾಗ ಹೊಟ್ಟೆಯಲ್ಲಿ ಸಂಕಟ ಆದರೆ ಆ ಆಟ ನಿಮ್ಮಂಥ ಒಂದು ತಾಸಿನವರಿಗೆ ಮಾಡಿದ್ದಲ್ಲ.

ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ರೆಸಿನ್ ಅಂತ ಒಂದಿದೆ. ಕೆಲವು ದೊಡ್ಡ ಬಹುಮಾನ ಎತ್ತಿಕೊಳ್ಳೋಕೆ ಅದನ್ನು ಖರ್ಚು ಮಾಡಬೇಕು. 8 ನಿಮಿಷಕ್ಕೆ ಒಂದರಂತೆ ತಾನೇ ತುಂಬುತ್ತದೆ. 2024ರ ತನಕ ಅದರ ಮಿತಿ 160 ಇತ್ತು, ಅಂದರೆ 21 ತಾಸು 20 ನಿಮಿಷದಲ್ಲಿ ಭರ್ತಿ. ನಿನ್ನೆ ರಾತ್ರಿ ಹತ್ತಕ್ಕೆ ಖಾಲಿ ಮಾಡಿದ್ದರೆ ಇವತ್ತು ಸಂಜೆ ಏಳು ಇಪ್ಪತ್ತಕ್ಕೇ ತುಂಬಿ ತುಳುಕುತ್ತದೆ, ಆ ಹೊತ್ತಿಗೆ ನೀವು ಗಿರಾಕಿಗೆ ವೈರ್ ಅಳೆದು ಕೊಡುತ್ತಿರುತ್ತೀರಿ. ಆಮೇಲೆ ಮಿತಿಯನ್ನು 200ಕ್ಕೆ ಏರಿಸಿದರು, ಈಗ 26 ತಾಸು 40 ನಿಮಿಷ. ದಿನಕ್ಕೊಮ್ಮೆ ನಿಮ್ಮದೇ ಹೊತ್ತಿಗೆ ಬಂದರೆ ಸಾಕು. ಇದು ಸಣ್ಣ ಬದಲಾವಣೆ ಅಲ್ಲ ಮಾರಾಯರೇ, ನಿಮ್ಮ ಸಂಜೆ ಯಾರದ್ದು ಅನ್ನೋದು ಇದರಲ್ಲೇ ತೀರ್ಮಾನ ಆಗುತ್ತದೆ.

ಫೈನಲ್ ಫ್ಯಾಂಟಸಿ 14ರ ನಿರ್ಮಾಪಕ ನವೋಕಿ ಯೋಶಿದಾ ಇನ್ನೊಂದು ದಾರಿ ಹಿಡಿದವರು. ಹೊಸ ಕಂತು ಬಂದಾಗ ಬನ್ನಿ, ಮುಗಿದ ಮೇಲೆ ಬೇರೆ ಆಟ ಆಡಿ, ಮತ್ತೆ ಬನ್ನಿ ಅಂತ ಆಟಗಾರರಿಗೆ ತಾವೇ ಹೇಳಿದ್ದಾರೆ. ಪೂರ್ತಿ ಸಾಧು ಆಟ ಅಂತಲೂ ತಿಳೀಬೇಡಿ. ಅದರಲ್ಲಿ ಜಾಗ ಹಿಡಿದು ಮನೆ ಕಟ್ಟಿಸಿ 45 ದಿನ ಒಳಗೆ ಕಾಲಿಡದಿದ್ದರೆ ಮನೆ ಕೆಡವುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಹಳೇ ಮನೆ ಬಿಟ್ಟುಬಂದವರ ನವನಗರದಲ್ಲಿ ಕೂತವರಿಗೆ ಇದರ ಸಂಕಟ ನಾನು ಹೇಳಿಕೊಡಬೇಕಾಗಿಲ್ಲ. ಒಂದು ತಾಸಿನವರು ಆಟದಲ್ಲಿ ಆಸ್ತಿ ಮಾಡಬಾರದು, ಅಷ್ಟೇ.

ಇನ್ನು 43 ಮತ್ತು 80. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಒಂದು ಕಲೆ ಪೂರ್ತಿ ಕಲಿತೆ ಅನ್ನಬೇಕಾದರೆ 99ನೇ ಲೆವೆಲ್ ಮುಟ್ಟಬೇಕು, ಅದಕ್ಕೆ 1,30,34,431 ಅಂಕ. ಅದರಲ್ಲಿ ಅರ್ಧ ದಾರಿ ಯಾವುದು ಹೇಳಿ? 49 ಅಲ್ಲ, 92! ಲೆವೆಲ್ ಸಂಖ್ಯೆ ಅಳತೆಪಟ್ಟಿ ಅಲ್ಲ, ಕಂಪನಿಯವರು ತಮಗೆ ಬೇಕಾದಂತೆ ಎಳೆದ ರಬ್ಬರ್. ಗಿಲ್ಡ್ ವಾರ್ಸ್ 2ರಲ್ಲಿ 2012ರಿಂದ ಇವತ್ತಿನವರೆಗೂ 80ಕ್ಕಿಂತ ಮೇಲೆ ಲೆವೆಲ್ಲೇ ಇಲ್ಲ. ತಿಂಗಳ ಚಂದಾನೂ ಇಲ್ಲ. ಒಮ್ಮೆ ಮುಟ್ಟಿ, ಎರಡು ವರ್ಷ ಬಿಟ್ಟು ಬಂದರೂ ನಿಮ್ಮ ಹಳೇ ಕತ್ತಿ ನಡೆಯುತ್ತದೆ.

ಚಂದಾ ಅಂದ ಕೂಡಲೇ ನನಗೆ ಖಾನಾವಳಿ ನೆನಪಾಗುತ್ತದೆ. ಓದುವಾಗ ವಿಜಯಪುರದ ಒಂದು ಖಾನಾವಳಿಯಲ್ಲಿ ತಿಂಗಳ ದುಡ್ಡು ಮೊದಲೇ ಕಟ್ಟಿರುತ್ತಿದ್ದೆ. ಗೆಳೆಯನ ಮನೆಯಲ್ಲಿ ಹೋಳಿಗೆ ಊಟ ಹೊಡೆದು ಬಂದ ದಿನವೂ, ದುಡ್ಡು ಹೋಗುತ್ತಲ್ಲ ಅಂತ ಹೋಗಿ ಎರಡು ಜೋಳದ ರೊಟ್ಟಿ ತಿಂದು, ರಾತ್ರಿಯಿಡೀ ಓವಾ ಅರ್ಕ ಹುಡುಕಿದ್ದೇನೆ. ತಿಂಗಳ ಚಂದಾ ಇರುವ ಆಟವನ್ನು ನಾನು ಆಡಿದ್ದೂ ಹಾಗೇ, ನಿದ್ದೆಗಣ್ಣಲ್ಲಿ. ನಿಮ್ಮದೂ ಚಂದಾ ಆಟವಾದರೆ ಬಿಡುವಿರುವ ತಿಂಗಳು ಮಾತ್ರ ಕಟ್ಟಿ.

ಈಗ ಆ ಗಿಲ್ಡ್. ರೇಡ್ ಗೊತ್ತಿಲ್ಲದ ಓದುಗರಿಗೆ: ಹತ್ತಾರು ಜನ ಹೊತ್ತು ಗೊತ್ತುಮಾಡಿಕೊಂಡು ಕೂಡಿ ಒಂದು ದೊಡ್ಡ ರಾಕ್ಷಸನನ್ನು ಕೆಡಹುವುದು. ಮೊದಲೆಲ್ಲ ವಾರ್‌ಕ್ರಾಫ್ಟ್‌ನಲ್ಲಿ ಇದಕ್ಕೆ 40 ಜನ ಬೇಕಿತ್ತು, ಒಬ್ಬ ಎದ್ದರೆ ಉಳಿದ 39 ಜನರ ರಾತ್ರಿ ಹಾಳು. ಆ ಕಾಲದ ಶಿಸ್ತು ಅಲ್ಲಿಂದ ಬಂದಿದ್ದು, ಅದನ್ನು ನಾನು ಹಗುರಾಗಿ ಕಾಣಲ್ಲ. ಆದರೆ ಈಗ ಅಲ್ಲೇ ಸಾಮಾನ್ಯ ರೇಡ್‌ಗಳು 10ರಿಂದ 30 ಜನರವರೆಗೆ ಎಷ್ಟಿದ್ದರೂ ನಡೆಯುತ್ತವೆ, ಜನ ಕಮ್ಮಿಯಾದರೆ ರಾಕ್ಷಸನ ಜೀವವೂ ಕಮ್ಮಿಯಾಗುತ್ತದೆ. ಮಗುವಿನ ಜ್ವರಕ್ಕೆ ಎದ್ದವರನ್ನು ಬೈಯುವುದು ಯಾವ ಕಾಲದ ಶಿಸ್ತೂ ಅಲ್ಲ. ತಪ್ಪು ನಿಮ್ಮದೂ ಸ್ವಲ್ಪ ಇದೆ. ಮಕ್ಕಳಿರುವ ಅಪ್ಪ ಪ್ರತಿ ಶನಿವಾರ ಖಾತ್ರಿ ಬರ್ತೀನಿ ಅಂತ ಮಾತು ಕೊಡಬಾರದಿತ್ತು. ಗೆಳೆಯರಿಗೆ ಒಂದು ಮೆಸೇಜ್ ಹಾಕಿ: "ರೇಡ್ ಪಟ್ಟಿಯಿಂದ ನನ್ನ ಹೆಸರು ತೆಗೀರಿ, ಜನ ಕಮ್ಮಿ ಬಿದ್ದ ದಿನ ಕರೀರಿ, ಬಿಡುವಿದ್ದರೆ ಬರ್ತೀನಿ." ನಿಜವಾದ ಗೆಳೆಯರಾದರೆ ಬೇರೆ ದಿನ ನಿಮ್ಮ 43ಕ್ಕೆ ಹೊಂದುವ ಹೊಸ ಪಾತ್ರ ಮಾಡಿಕೊಂಡು ಜೊತೆಗೆ ಬಂದಾರು.

ನಾನೇನು ಆಡ್ತೀನಿ ಅಂತ ಕೇಳ್ತೀರೇನೋ. ರೂನ್‌ಸ್ಕೇಪ್, ಮೊಬೈಲ್‌ನಲ್ಲಿ. ಪ್ರೆಸ್ಸಿನಿಂದ ಪುಟಗಳು ಬರುವ ತನಕ ಸುಮ್ನೆ ಕೂತು ಮರ ಕಡಿಯುತ್ತೇನೆ. ಒಮ್ಮೆ ಒತ್ತಿದರೆ ಪಾತ್ರ ತಾನೇ ಕಡಿಯುತ್ತಿರುತ್ತದೆ, ನಾನು ಪ್ರೂಫ್ ನೋಡುತ್ತಿರುತ್ತೇನೆ. ಹೋದ ತಿಂಗಳು ಎರಡೂ ಕೆಟ್ಟವು.

ಆಟದ ಹೆಸರು ಬರೆದು ಕಳಿಸಿ, ಡೈಲಿ ರೀಸೆಟ್ (ದಿನದ ಕ್ವೆಸ್ಟ್‌ಗಳು ಹೊಸದಾಗಿ ಶುರುವಾಗುವ ಹೊತ್ತು) ನಮ್ಮ ಗಡಿಯಾರಕ್ಕೆ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಗಿಲ್ಡ್ ವಾರ್ಸ್ 2ದ್ದಾದರೆ ಬೆಳಗಿನ 5:30, ಫೈನಲ್ ಫ್ಯಾಂಟಸಿ 14ರದ್ದು ರಾತ್ರಿ 8:30. ಬೆಳಿಗ್ಗೆ ಬೇಗ ಏಳುವವರಾದರೆ ಮನೆಯಾಕೆ ಏಳುವ ಮೊದಲೇ ಯುದ್ಧ ಮುಗಿದಿರುತ್ತದೆ.

ಅಡ್ಡ 14ರ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದು ಮರ ಕಡಿಯುತ್ತಿದ್ದಾಗಲೇ ತಪ್ಪಿಸಿಕೊಂಡಿದ್ದು. ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ.

– ಸಂಪಾದಕ