ಪೂರ್ತಿ ಕೇಳದ ಧ್ವನಿ ಸಂದೇಶ: ಪರಿಹಾರ ಕಾರ್ಯದ ಸಂಯೋಜಕರೊಬ್ಬರ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಉದ್ಯೋಗ, ಬಡಾವಣೆ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಾತುಗಳ ಹುರುಳನ್ನು ಬದಲಿಸಿಲ್ಲ.

ಆಪ್ತ ಸಮಾಲೋಚನೆಗೆಂದು ನನ್ನಲ್ಲಿಗೆ ಬಂದವರು ಐವತ್ತರ ಆಸುಪಾಸಿನವರು, ಖಾಸಗಿ ಕಂಪನಿಯೊಂದರಲ್ಲಿ ದೊಡ್ಡ ತಂಡದ ಮುಖ್ಯಸ್ಥರು. 2020ರ ಲಾಕ್‌ಡೌನ್‌ ಕಾಲದಲ್ಲಿ ಅಪಾರ್ಟ್‌ಮೆಂಟ್‌ನ ಗೆಳೆಯರೊಡನೆ ದಿನಸಿ ಕಿಟ್ ಹಂಚಲು ತೊಡಗಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸುತ್ತ ನೀರು ನುಗ್ಗಿದಾಗ ಬೇರೆ ಬೇರೆ ಗುಂಪುಗಳನ್ನು ಒಂದುಗೂಡಿಸುವ ಹೊಣೆ ತಾನಾಗಿ ಅವರ ಹೆಗಲೇರಿತು. ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದ ದೃಶ್ಯ ದೇಶವೆಲ್ಲ ನೋಡಿತು. ಮಳೆನೀರು ಹರಿಯುವ ರಾಜಕಾಲುವೆಯ ಪಕ್ಕದ ತಗ್ಗಿನಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಕೂಲಿಕಾರರ ಪಾಡು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಇವರು ದುಡಿದದ್ದು ಅಂಥ ಶೆಡ್ಡುಗಳ ನಡುವೆ. ಆಮೇಲಿನ ಮಳೆಗಾಲಗಳಲ್ಲೂ ಅದೇ ಜಾಲ ಮುಂದುವರಿಯಿತು: ಒಂದು ದೊಡ್ಡ ಸ್ವಯಂಸೇವಾ ಸಂಸ್ಥೆ, ಒಂದು ಮಸೀದಿ ಸಮಿತಿ, ಚರ್ಚಿನ ಯುವಕರು, ಆಟೊ ಚಾಲಕರು, ಒಂದು ಸ್ತ್ರೀಶಕ್ತಿ ಸಂಘ.

ಅವರು ಹೇಳಿಕೊಂಡ ತೊಂದರೆಗಳು: ನಿದ್ದೆ ಇಲ್ಲ, ಮನೆಯಲ್ಲಿ ಮಾತೆತ್ತಿದರೆ ಸಿಟ್ಟು, ಎರಡು ಗುಂಪುಗಳು ಕಾರಣ ಹೇಳದೆ ಜಾಲ ಬಿಟ್ಟು ಹೋಗಿವೆ. "ಯಾರೂ ನನಗೆ ಏನನ್ನೂ ಹೇಳುವುದಿಲ್ಲ ಮೇಡಂ. ಎಲ್ಲ ಕೆಟ್ಟ ಮೇಲೆ ಗೊತ್ತಾಗುತ್ತದೆ. ನಾನಾದರೋ ಎಲ್ಲರ ಸಂದೇಶಕ್ಕೂ ತಕ್ಷಣ ಉತ್ತರ ಕೊಡುತ್ತೇನೆ."

ಆ ತಕ್ಷಣದ ಉತ್ತರಗಳನ್ನೇ ನೋಡೋಣವೆಂದು ಕೇಳಿದೆ. ಬಿಟ್ಟು ಹೋದ ಎರಡು ಗುಂಪುಗಳಲ್ಲಿ ಒಂದು ಆ ಸ್ತ್ರೀಶಕ್ತಿ ಸಂಘ. ಅದರ ಮುಖ್ಯಸ್ಥೆ ಕಳಿಸಿದ್ದ ಕೊನೆಯ ಧ್ವನಿ ಸಂದೇಶ ಅವರ ಮೊಬೈಲಿನಲ್ಲಿ ಇನ್ನೂ ಇತ್ತು. ಅದನ್ನು ಕೇಳಿಸುವ ಮುನ್ನ ಆಕೆಯ ಅನುಮತಿ ಪಡೆಯಿರಿ ಎಂದೆ. ಪಡೆದುಕೊಂಡು ಮುಂದಿನ ಭೇಟಿಗೆ ಬಂದರು.

ಸಂದೇಶ ಮೂರು ನಿಮಿಷಕ್ಕೂ ಉದ್ದವಿತ್ತು. ಅದು ತಲುಪಿದ ಮರುನಿಮಿಷದಲ್ಲೇ ಇವರ ಉತ್ತರ ಹೋಗಿತ್ತು: "ಸರಿ, ನಾಳೆ ಇನ್ನೊಂದು ಲೋಡ್ ಅಕ್ಕಿ ಕಳಿಸುತ್ತೇನೆ." ಸಮಯ ಪರದೆಯ ಮೇಲೆಯೇ ಇತ್ತು, ನಾನು ಏನನ್ನೂ ಹೇಳಬೇಕಾಗಲಿಲ್ಲ.

ಇಬ್ಬರೂ ಕುಳಿತು ಪೂರ್ತಿ ಕೇಳಿದೆವು. ಮೊದಲ ಭಾಗದಲ್ಲಿ ಆಕೆ ಎಷ್ಟು ಮನೆಗಳಿಗೆ ಅಕ್ಕಿ ತಲುಪಿದೆ, ಎಷ್ಟಕ್ಕೆ ಇಲ್ಲ ಎಂದು ಲೆಕ್ಕ ಒಪ್ಪಿಸುತ್ತಾರೆ. ಇವರು ಕೇಳಿದ್ದು ಅಲ್ಲಿಯವರೆಗೆ. ಅನಂತರ ಆಕೆ ಹೇಳುತ್ತಾರೆ: ಸ್ಟೌಗಳಿಗೆಲ್ಲ ಕೆಸರುನೀರು ಹೊಕ್ಕಿದೆ, ಅಕ್ಕಿ ಬೇಯಿಸುವುದು ಹೇಗೆ? ಬೆಳಿಗ್ಗೆ ಹನ್ನೊಂದಕ್ಕೆ ಕಿಟ್ ಕೊಡುತ್ತೀರಿ, ಆ ಹೊತ್ತಿಗೆ ಹೆಂಗಸರೆಲ್ಲ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸಕ್ಕೆ ಹೋಗಿರುತ್ತಾರೆ, ಸಾಲಿನಲ್ಲಿ ನಿಲ್ಲುವವರು ಯಾರು? ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ: ಕತ್ತಲಾದ ಮೇಲೆ ಹೆಂಗಸರಿಗೆ ಶೌಚಕ್ಕೆ ಜಾಗವಿಲ್ಲ. ಅದಕ್ಕೆ ಸಂಜೆ ನಾಲ್ಕರಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ, ಬಸುರಿಯರೂ ಕೂಡ. ಕೊನೆಗೆ, ತಡೆತಡೆದು: "ಸರ್, ಎಲ್ಲರೂ ನನ್ನನ್ನೇ ಬೈಯುತ್ತಾರೆ. ನನ್ನ ಮನೆಯೂ ನೀರಲ್ಲಿ ನಿಂತಿದೆ. ನನಗೆ ಇನ್ನು ಆಗುತ್ತಿಲ್ಲ."

ಅವರು ಮೊಬೈಲನ್ನು ಮೇಜಿನ ಮೇಲೆ ಕವುಚಿ ಇಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆ ಬಡಾವಣೆಗೆ ಟ್ಯಾಂಕರ್ ನೀರು ತರಿಸಿದ್ದು ಅವರೇ. ಮಾನವೀಯ ನೆರವಿಗೆಂದು ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಕೈಪಿಡಿಯ ಕನಿಷ್ಠ ಮಾನದಂಡ ಅವರಿಗೆ ಬಾಯಿಪಾಠ: ತಲೆಗೆ ದಿನಕ್ಕೆ 15 ಲೀಟರ್ ನೀರು. ಅದಕ್ಕಿಂತ ಹೆಚ್ಚೇ ಕೊಟ್ಟಿದ್ದರು, ವರದಿಯಲ್ಲೂ ಬರೆದಿದ್ದರು. 20 ಜನರಿಗೆ ಒಂದು ಶೌಚಾಲಯ ಬೇಕೆಂಬುದೂ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಇರಬೇಕೆಂಬುದೂ ಅದೇ ಕೈಪಿಡಿಯಲ್ಲಿದೆ. ಬಡಾವಣೆಯಲ್ಲಿ ಶೌಚಾಲಯಗಳಿವೆ ಎಂದು ದೊಡ್ಡ ಸಂಸ್ಥೆಯ ಪಟ್ಟಿ ಹೇಳಿತ್ತು. ಅವು ನೀರಿನಲ್ಲಿ ಮುಳುಗಿವೆಯೆಂದು ಹೇಳಿದವರು ಈ ಹೆಣ್ಣುಮಗಳೊಬ್ಬರೇ.

ಇವರು ಕೆಟ್ಟ ನಾಯಕರಲ್ಲ. ಜನರ ಕಷ್ಟಕ್ಕೆ ನಿದ್ದೆಗೆಟ್ಟು ಓಡಾಡಿದವರು. ಕಚೇರಿಯಲ್ಲಿ ಇವರಿಗೆ ಹೆಸರು ತಂದುಕೊಟ್ಟ ಗುಣವೆಂದರೆ ಸಮಸ್ಯೆ ಕಿವಿಗೆ ಬೀಳುತ್ತಿದ್ದಂತೆ ಪರಿಹಾರ ಹೇಳುವುದು. ಪರಿಹಾರ ಕಾರ್ಯದಲ್ಲಿ ಅದೇ ಗುಣ ಎದುರಿನವರ ಬಾಯಿ ಮುಚ್ಚಿಸುತ್ತಿತ್ತು. ನಮ್ಮ ಜನ ಕಷ್ಟ ಹೇಳಿಕೊಳ್ಳುವಾಗ ಮೊದಲು ಸುಲಭದ್ದನ್ನು, ಲೆಕ್ಕಕ್ಕೆ ಸಿಗುವುದನ್ನು ಹೇಳುತ್ತಾರೆ. ನಾಚಿಕೆಯದು, ಭಯದ್ದು, ತಮ್ಮದೇ ನೋವಿನದು ಕೊನೆಗೆ ಬರುತ್ತದೆ. ಮಧ್ಯದಲ್ಲೇ ಉತ್ತರ ಸಿಕ್ಕಿಬಿಟ್ಟರೆ ಆ ಕೊನೆಯ ಮಾತನ್ನು ನುಂಗಿಕೊಂಡು ಎದ್ದು ಹೋಗುತ್ತಾರೆ. ಕೆಳಗಿನ ಗುಂಪುಗಳು ಇವರಿಗೆ ಏನನ್ನೂ ಹೇಳದಂತಾದದ್ದು ಹೀಗೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ಭೇಟಿಗಳಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಒಂದೇ ಅಭ್ಯಾಸ: ಕೇಳಿದ್ದನ್ನು ನಮ್ಮ ಮಾತಿನಲ್ಲಿ ಹಿಂದಿರುಗಿ ಹೇಳಿ, ಸರಿಯೇ ಎಂದು ಕೇಳುವುದು. ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ ಇಂಥ ಆಲಿಸುವಿಕೆಯ ಬಗ್ಗೆ ಬರೆದಾಗ, ಮಾತಿನ ಅರ್ಥದ ಜೊತೆಗೆ ಅದರ ಹಿಂದಿನ ಭಾವನೆಗೂ ಕಿವಿಗೊಡಬೇಕೆಂದು ಒತ್ತಿ ಹೇಳಿದ್ದರು. ಕೇಳಲು ಸುಲಭ. ನಾನು ಸಂಘದ ಹೆಣ್ಣುಮಗಳ ಪಾತ್ರ ವಹಿಸಿ "ಹನ್ನೊಂದಕ್ಕೆ ಕಿಟ್ ಕೊಟ್ಟರೆ ಯಾರಿಗೂ ಸಿಗುವುದಿಲ್ಲ ಸರ್" ಎಂದಾಗ ಅವರ ಬಾಯಿಂದ ಬಂದದ್ದು: "ಅಂದರೆ ನಾವು ಮಾಡುತ್ತಿರುವುದು ಸರಿಯಿಲ್ಲ ಎನ್ನುತ್ತೀರಿ." ಇದು ತನ್ನನ್ನು ತಾನು ಕಾಪಾಡಿಕೊಳ್ಳುವ ಮಾತು. ಎದುರಿನವರು "ಛೇ, ಹಾಗಲ್ಲ ಸರ್" ಎಂದು ಕ್ಷಮೆ ಕೇಳಿ ಹಿಂದೆ ಸರಿಯುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಅದನ್ನೇ ಮತ್ತೆ ಮತ್ತೆ ಮಾಡಿಸಿದೆ. ಒಂದು ದಿನ ಹೀಗೆಂದರು: "ಆ ಹೊತ್ತಿಗೆ ಹೆಂಗಸರು ಕೆಲಸದಲ್ಲಿರುತ್ತಾರೆ, ರಜೆ ಹಾಕಿದರೆ ಕೆಲಸ ಹೋದೀತೆಂಬ ಹೆದರಿಕೆಯೂ ಇದೆ. ನಾನು ತಿಳಿದದ್ದು ಸರಿಯೇ? ಇನ್ನೇನಾದರೂ ಇದೆಯೇ?" ಆ ಕೊನೆಯ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ತುಟಿ ಬಿಚ್ಚದೆ ಕಾಯುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೈ ಮತ್ತೆ ಮತ್ತೆ ಮೊಬೈಲಿನ ಕಡೆ ಹೋಗುತ್ತಿತ್ತು.

ಒಂದು ಪ್ರಶ್ನೆಯನ್ನು ಅವರು ನ್ಯಾಯವಾಗಿಯೇ ಎತ್ತಿದರು: "ನೀರು ಏರುತ್ತಿರುವಾಗ ಭಾವನೆ ಕೇಳುತ್ತಾ ಕೂರಲಾದೀತೇ?" ಖಂಡಿತ ಇಲ್ಲ. ದೋಣಿ ಎಲ್ಲಿಗೆ ಬೇಕು, ಎಷ್ಟು ಜನ, ಹಾಸಿಗೆ ಹಿಡಿದವರು ಇದ್ದಾರೆಯೇ ಎಂಬಷ್ಟೇ ಆಗ ಮಾತು. ಆಗಲೂ ಕೇಳಿದವರು ವಿಳಾಸವನ್ನು ಒಮ್ಮೆ ತಿರುಗಿ ಹೇಳಿದರೆ ದೋಣಿ ತಪ್ಪು ಬೀದಿಗೆ ಹೋಗುವುದು ತಪ್ಪುತ್ತದೆ. ಜೀವ ಉಳಿದ ಮೇಲೆ, ಹಂಚಿಕೆಯ ದಿನಗಳಲ್ಲಿ, ಅದೇ ಅವಸರವನ್ನು ಮುಂದುವರಿಸಬಾರದು.

ಸಭೆಯ ಕ್ರಮವನ್ನೂ ಬದಲಿಸಲು ಹೇಳಿದೆ. ಪ್ರತಿ ಸಂಜೆಯ ಫೋನ್ ಸಭೆಯಲ್ಲಿ ದೊಡ್ಡ ಸಂಸ್ಥೆಯವರು ಮೊದಲು ಮಾತನಾಡಿ, ಅಂಕಿಅಂಶ ಓದಿ, ಸಮಯವೆಲ್ಲ ತೀರುತ್ತಿತ್ತು. ಆಟೊ ಚಾಲಕರು ಮತ್ತು ಸಂಘದ ಹೆಂಗಸರು "ಹೇಳುವುದೇನಿಲ್ಲ ಸರ್" ಎಂದು ಮುಗಿಸುತ್ತಿದ್ದರು. ಬೀದಿಯಲ್ಲಿ ನಿಂತು ಕೆಲಸ ಮಾಡಿದವರು ಮೊದಲು, ಸಂಯೋಜಕರು ಕಟ್ಟಕಡೆಗೆ ಎಂದು ಮಾಡಿಕೊಂಡರು. ಹೆಂಗಸರ ವಿಷಯವನ್ನು ಕೇಳಲು ಹೆಂಗಸರನ್ನೇ ನೇಮಿಸಿ ಎಂದೆ. ಭಾಷೆಯ ಬಗ್ಗೆಯೂ ಎಚ್ಚರಿಸಿದೆ: ಆ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿಯವರಿದ್ದಾರೆ, ಬಂಗಾಳಿ ಮಾತನಾಡುವವರೂ ಇದ್ದಾರೆ. ಒಬ್ಬಾಕೆ ಐದು ನಿಮಿಷ ಹೇಳಿಕೊಂಡದ್ದನ್ನು ದುಭಾಷಿ "ಕಂಬಳಿ ಬೇಕಂತೆ" ಎಂದು ಮುಗಿಸಿದರೆ, ಪೂರ್ತಿ ಹೇಳಪ್ಪ ಎಂದು ಕೇಳುವ ತಾಳ್ಮೆ ಬೇಕು.

ಕೇಳುವುದೆಂದರೆ ಒಪ್ಪಿಬಿಡುವುದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಯಿತು, ಏಕೆಂದರೆ ಒಮ್ಮೆ ಕಿವಿ ತೆರೆದ ಮೇಲೆ ಅವರು ಎಲ್ಲದಕ್ಕೂ ಹೂಂ ಎನ್ನತೊಡಗಿದರು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಮಾರ್ಗದರ್ಶಿ ಮೂರು ಹೆಜ್ಜೆ ಹೇಳುತ್ತದೆ: ನೋಡು, ಆಲಿಸು, ಬೇಕಾದ ನೆರವಿನೊಡನೆ ಜೋಡಿಸು. ನೊಂದವರನ್ನು ಕೆದಕಿ ಮಾತನಾಡಿಸಬೇಡಿ, ಸುಳ್ಳು ಭರವಸೆ ಕೊಡಬೇಡಿ ಎಂದೂ ಅದು ಎಚ್ಚರಿಸುತ್ತದೆ. "ಹೊಸ ಶೆಡ್ಡು ಕಟ್ಟಿಸಿಕೊಡುವುದು ನಮ್ಮ ಕೈಯಲ್ಲಿಲ್ಲ. ಹಾಳಾದ ಆಧಾರ್, ರೇಷನ್ ಕಾರ್ಡ್‌ಗಳಿಗೆ ಅರ್ಜಿ ಹಾಕಿಸಬಲ್ಲೆವು. ಗುರುವಾರ ಬಂದು ಏನಾಯಿತೆಂದು ಹೇಳುತ್ತೇವೆ" ಎಂದು ನೇರವಾಗಿ ಹೇಳಿದರೆ ಜನ ಸಹಿಸುತ್ತಾರೆ. ಗುರುವಾರ ಬಾರದಿದ್ದರೆ ಸಹಿಸುವುದಿಲ್ಲ. ಏನೂ ಆಗದಿದ್ದರೂ ಹೋಗಿ ಆಗಲಿಲ್ಲವೆಂದೇ ಹೇಳಿ ಬನ್ನಿ ಎಂದೆ.

ಅವರ ನಿದ್ದೆ, ಸಿಟ್ಟುಗಳಿಗೆ ಬೇರೆಯೇ ಆರೈಕೆ ಬೇಕಿತ್ತು, ವೈದ್ಯರ ಬಳಿ ಕಳಿಸಿದೆ. ವರ್ಷಗಳಿಂದ ಎಲ್ಲರ ಅಹವಾಲು ಹೊತ್ತವರು ತಮ್ಮದನ್ನು ಯಾರಿಗೂ ಹೇಳಿರಲಿಲ್ಲ. ವಾರದಲ್ಲಿ ಒಂದು ದಿನ ಹೊಣೆಯನ್ನು ಇನ್ನೊಬ್ಬರಿಗೆ ಬಿಟ್ಟು ಮೊಬೈಲು ಆರಿಸಬೇಕೆಂಬ ಷರತ್ತು ಹಾಕಿದೆ, ಅರೆಮನಸ್ಸಿನಿಂದ ಒಪ್ಪಿದರು. ಮಾನಸಿಕ ಆರೋಗ್ಯಕ್ಕೆಂದಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಎಲ್ಲ ಸ್ವಯಂಸೇವಕರಿಗೂ ತಲುಪಿಸಿದರು. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಉಚಿತ ಸೇವೆ, ಕನ್ನಡದಲ್ಲೇ ಮಾತನಾಡಬಹುದು.

ಸಂಘದ ಹೆಣ್ಣುಮಗಳ ಮನೆಗೆ ಅವರು ಹೋದದ್ದು ಇಷ್ಟೆಲ್ಲ ಆದ ಮೇಲೆ. ವಿವರಣೆ ಕೊಡಬೇಡಿ, ಕೇಳಿಕೊಂಡು ಬನ್ನಿ ಎಂದಷ್ಟೇ ಹೇಳಿ ಕಳಿಸಿದ್ದೆ. ಆಕೆ ಬೈದರು, ಅತ್ತರು, ಚಹಾ ಕೊಟ್ಟರು. ಜಾಲಕ್ಕೆ ಮರಳಲು ಒಪ್ಪಲಿಲ್ಲ. ತನ್ನ ಬದಲು ಸಂಘದ ಇನ್ನಿಬ್ಬರನ್ನು ಕಳಿಸಿಕೊಟ್ಟರು. ಈಗ ಹಂಚಿಕೆ ಸಂಜೆ ಆರರ ಮೇಲೆ ನಡೆಯುತ್ತದೆ. ನೀರು ನಿಂತ ಕಡೆಗೆ ಮೊದಲ ದಿನವೇ ಸಂಚಾರಿ ಶೌಚಾಲಯ ಮತ್ತು ದೀಪ ಹೋಗಬೇಕೆಂಬುದು ಅವರ ಪಟ್ಟಿಯಲ್ಲಿ ಸೇರಿದೆ. ಬಿಟ್ಟು ಹೋದ ಇನ್ನೊಂದು ಗುಂಪು ಇನ್ನೂ ಅವರ ಕರೆಗೆ ಓಗೊಟ್ಟಿಲ್ಲ. ಅದನ್ನು ಕುರಿತೇ ಮಾತನಾಡಲು ಮುಂದಿನ ತಿಂಗಳು ಬರುತ್ತಾರೆ.